ಡಿಸ್‌ಪ್ಲೇ ಸೆಟ್ಟಿಂಗ್ ನಿಲ್ಲುತ್ತಿಲ್ಲವೇ? ಅದು ಯಾವಾಗ ಹೋಗುತ್ತದೆ ಎಂದು ಮೊದಲು ನೋಡಿ

ರೆಸಲ್ಯೂಶನ್ ಸರಿ ಮಾಡಿರುತ್ತೀರಿ. ಅಕ್ಷರದ ಗಾತ್ರ ಕಣ್ಣಿಗೆ ಹಿತವಾಗುವಷ್ಟು ದೊಡ್ಡದು ಮಾಡಿರುತ್ತೀರಿ. ಎರಡು ಮಾನಿಟರ್ ಇದ್ದರೆ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದೂ ತೋರಿಸಿಕೊಟ್ಟಿರುತ್ತೀರಿ. ಮಾರನೇ ದಿನ ಕಂಪ್ಯೂಟರ್ ಆನ್ ಮಾಡಿದರೆ ಎಲ್ಲ ಮೊದಲಿನ ಹಾಗೇ. ಮತ್ತೆ ಹೊಂದಿಸುವುದು, ಮತ್ತೆ ಅದು ಹೋಗುವುದು. ನೋಡುವವರಿಗೆ ಇದು ಸಣ್ಣ ವಿಷಯ. ದಿನವಿಡೀ ಪರದೆ ನೋಡಿ ಕೆಲಸ ಮಾಡುವವರಿಗೆ, ಅದರಲ್ಲೂ ಸಣ್ಣ ಅಕ್ಷರ ಓದಲು ಕಷ್ಟಪಡುವವರಿಗೆ, ಇದು ದಿನಾ ಬೆಳಿಗ್ಗೆ ಎದುರಾಗುವ ಕಿರಿಕಿರಿ.

ಇಂಥ ಹಲವು ಕಂಪ್ಯೂಟರ್‌ಗಳನ್ನು ಕೂತು ಸರಿ ಮಾಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ನಾವು "ಸೇವ್ ಆಗ್ತಿಲ್ಲ" ಅನ್ನುತ್ತೇವೆ, ಆದರೆ ಹೆಚ್ಚಿನ ಸಲ ಸೆಟ್ಟಿಂಗ್ ಸೇವ್ ಆಗಿಯೇ ಇರುತ್ತದೆ. ಆಮೇಲೆ ಬೇರೊಂದು ಪ್ರೋಗ್ರಾಂ ಅದರ ಮೇಲೆ ತನ್ನ ಸೆಟ್ಟಿಂಗ್ ಬರೆದಿರುತ್ತದೆ. ಇಲ್ಲವೇ ಕಂಪ್ಯೂಟರ್ ನಿಮ್ಮ ಮಾನಿಟರಿನ ಗುರುತು ಹಿಡಿಯದೆ, ಹೊಸ ಮಾನಿಟರ್ ಬಂದಿದೆ ಎಂದು ತಿಳಿದು ಹೊಸದಾಗಿ ಶುರು ಮಾಡಿರುತ್ತದೆ. ಹಾಗಾಗಿ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ವಿಂಡೋಸ್‌ಗೆ ಹೊಂದಿಸಿ ನಡೆಸುವ ತಂತ್ರಾಂಶ) ತೆಗೆದು ಹಾಕುವ ಮೊದಲು, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವ ಮೊದಲು, ಸೆಟ್ಟಿಂಗ್ ಯಾವ ಹೊತ್ತಿನಲ್ಲಿ ಹೋಗುತ್ತಿದೆ ಎಂದು ಕಂಡುಕೊಳ್ಳಿ. ಆ ಹೊತ್ತೇ ಕಾರಣವನ್ನು ತೋರಿಸುತ್ತದೆ.

ಹತ್ತು ನಿಮಿಷದ ಪರೀಕ್ಷೆ

ಒಂದು ಹಾಳೆ, ಒಂದು ಪೆನ್ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿಂದ ಡಿಸ್‌ಪ್ಲೇ ತೆರೆಯಿರಿ. ಈಗಿನ ರೆಸಲ್ಯೂಶನ್, ಸ್ಕೇಲ್ (ಅಕ್ಷರ, ಐಕಾನ್‌ಗಳ ಗಾತ್ರ) ಶೇಕಡಾ ಎಷ್ಟು, ರಿಫ್ರೆಶ್ ರೇಟ್ (ಸೆಕೆಂಡಿಗೆ ಪರದೆಯ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎಂಬುದು) ಎಷ್ಟು ಹರ್ಟ್ಸ್ ಎಂದು ಬರೆದುಕೊಳ್ಳಿ. ರಿಫ್ರೆಶ್ ರೇಟ್ ಅದೇ ಪುಟದ ಕೆಳಗಿರುವ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ಸಿಗುತ್ತದೆ. ಈಗ ನಿಮಗೆ ಬೇಕಾದ ಹಾಗೆ ಹೊಂದಿಸಿ, ಅದನ್ನೂ ಬರೆದುಕೊಳ್ಳಿ. ನಂತರ ಒಂದೊಂದಾಗಿ ಇವನ್ನು ಮಾಡಿ, ಪ್ರತಿ ಸಲವೂ ಸೆಟ್ಟಿಂಗ್ ಉಳಿದಿದೆಯೇ ನೋಡಿ:

1. ಮಾನಿಟರಿನ ಪವರ್ ಬಟನ್ ಒತ್ತಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.
2. ಕಂಪ್ಯೂಟರನ್ನು ಸ್ಲೀಪ್‌ಗೆ ಕಳಿಸಿ, ಎಬ್ಬಿಸಿ.
3. ಸೈನ್ ಔಟ್ ಆಗಿ, ಮತ್ತೆ ಸೈನ್ ಇನ್ ಆಗಿ.
4. ರೀಸ್ಟಾರ್ಟ್ ಮಾಡಿ.
5. ಶಟ್ ಡೌನ್ ಮಾಡಿ, ಮತ್ತೆ ಆನ್ ಮಾಡಿ.

ನಾಲ್ಕು ಮತ್ತು ಐದು ಒಂದೇ ಅಲ್ವಾ ಎಂದು ಕೇಳಬಹುದು. ವಿಂಡೋಸ್‌ನಲ್ಲಿ ಒಂದೇ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ. ಎಲ್ಲ ಐದರಲ್ಲೂ ಉಳಿದು, ಯಾವುದೋ ಆಟ ಆಡಿದ ಮೇಲೆ, ಚಾರ್ಜರ್ ತೆಗೆದ ಮೇಲೆ ಅಥವಾ ಅಪ್‌ಡೇಟ್ ಆದ ಮೇಲೆ ಮಾತ್ರ ಹೋದರೆ ಅದನ್ನೂ ಬರೆದಿಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗಾಬರಿಯಲ್ಲಿ ನಾಲ್ಕು ಕಡೆ ಕೈ ಹಾಕಿದರೆ, ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಎರಡು ತಿಂಗಳ ನಂತರ ಅದೇ ತೊಂದರೆ ಬಂದರೆ ಮತ್ತೆ ಮೊದಲಿನಿಂದ ಶುರು.

ಹೊಂದಿಸಿದ ತಕ್ಷಣವೇ ಹೋದರೆ

ಇದು ಎಲ್ಲಕ್ಕಿಂತ ಸುಲಭ. ರೆಸಲ್ಯೂಶನ್ ಬದಲಿಸಿದಾಗ ವಿಂಡೋಸ್ ಒಂದು ಸಣ್ಣ ಪೆಟ್ಟಿಗೆ ತೋರಿಸಿ, ಈ ಬದಲಾವಣೆ ಇರಲೇ ಎಂದು ಕೇಳುತ್ತದೆ. 15 ಸೆಕೆಂಡಿನೊಳಗೆ ಕೀಪ್ ಚೇಂಜಸ್ ಒತ್ತದಿದ್ದರೆ ಹಳೆಯದಕ್ಕೆ ಮರಳುತ್ತದೆ. ಹೊಸ ಸೆಟ್ಟಿಂಗ್‌ನಲ್ಲಿ ಪರದೆ ಕಪ್ಪಾಗಿಬಿಟ್ಟರೆ ನೀವು ಸಿಕ್ಕಿಹಾಕಿಕೊಳ್ಳಬಾರದು ಎಂದು ಈ ಏರ್ಪಾಡು. ಎರಡು ಮಾನಿಟರ್ ಇರುವಾಗ ಆ ಪೆಟ್ಟಿಗೆ ಇನ್ನೊಂದು ಪರದೆಯಲ್ಲಿ ತೆರೆದುಕೊಂಡು ನಿಮ್ಮ ಕಣ್ಣಿಗೆ ಬೀಳದೇ ಇರಬಹುದು. ಆ ಇನ್ನೊಂದು ಮಾನಿಟರ್ ಆಫ್ ಆಗಿದ್ದರೂ ಹಾಗೇ ಆಗಬಹುದು.

ನೀವು ಬಟನ್ ಒತ್ತಿದ ಮೇಲೂ ಹಿಂದಕ್ಕೆ ಹೋದರೆ, ಆ ರೆಸಲ್ಯೂಶನ್ ಅಥವಾ ರಿಫ್ರೆಶ್ ರೇಟ್ ನಿಮ್ಮ ಕೇಬಲ್ಲಿಗೆ ಭಾರವಾಗಿರಬಹುದು. ಎಚ್‌ಡಿಎಂಐ 1.4 ಮಟ್ಟದ ಪೋರ್ಟ್ 4ಕೆ ಚಿತ್ರವನ್ನು 30 ಹರ್ಟ್ಸ್‌ವರೆಗೆ ಮಾತ್ರ ಒಯ್ಯುತ್ತದೆ. 4ಕೆ ಜೊತೆಗೆ 60 ಹರ್ಟ್ಸ್ ಬೇಕೆಂದರೆ ಎಚ್‌ಡಿಎಂಐ 2.0 ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2 ಬೇಕು. ಕಂಪ್ಯೂಟರಿನ ಪೋರ್ಟ್, ಕೇಬಲ್, ಮಾನಿಟರಿನ ಪೋರ್ಟ್, ಈ ಮೂರೂ ಆ ಮಟ್ಟದಲ್ಲಿರಬೇಕು. ನಡುವೆ ಒಂದು ಹಳೆಯ ಅಡಾಪ್ಟರ್ ಇದ್ದರೂ ಸಾಕು, ಎಲ್ಲವೂ ಅದರ ಮಟ್ಟಕ್ಕೆ ಇಳಿಯುತ್ತದೆ.

ಮಾನಿಟರ್ ಆಫ್ ಮಾಡಿದಾಗ ಅಥವಾ ಸ್ಲೀಪ್‌ನಿಂದ ಎದ್ದಾಗ ಹೋದರೆ

ಎರಡು ಮಾನಿಟರ್ ಇಟ್ಟುಕೊಂಡವರನ್ನು ಹೆಚ್ಚು ಕಾಡುವುದು ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಮಾನಿಟರಿನೊಳಗೆ ಒಂದು ಚಿಕ್ಕ ಚಿಪ್ ಇರುತ್ತದೆ. ಅದರಲ್ಲಿ ಮಾನಿಟರಿನ ಗುರುತುಚೀಟಿ ಬರೆದಿರುತ್ತದೆ: ತಯಾರಕರು ಯಾರು, ಮಾಡೆಲ್ ಯಾವುದು, ಸೀರಿಯಲ್ ನಂಬರ್ ಎಷ್ಟು, ಯಾವ ಯಾವ ರೆಸಲ್ಯೂಶನ್ ತೋರಿಸಬಲ್ಲದು ಎಂಬುದೆಲ್ಲ. ಇದಕ್ಕೆ ಇಡಿಐಡಿ ಎನ್ನುತ್ತಾರೆ. ಡಿಸ್‌ಪ್ಲೇಗಳ ನಿಯಮ ರೂಪಿಸುವ ವೆಸಾ ಸಂಸ್ಥೆ 1994ರಲ್ಲಿ ಇದರ ಮೊದಲ ನಿಯಮ ಹೊರಡಿಸಿತು. ಇದರ ಮೂಲ ಭಾಗ ಬರೀ 128 ಬೈಟ್. ಕೇಬಲ್ ಚುಚ್ಚಿದಾಗ ಕಂಪ್ಯೂಟರ್ ಮೊದಲು ಓದುವುದು ಈ ಚೀಟಿಯನ್ನೇ. ನೀವು ಹೊಂದಿಸಿದ ಸೆಟ್ಟಿಂಗನ್ನು ವಿಂಡೋಸ್ ಈ ಗುರುತಿನ ಹೆಸರಿನಲ್ಲಿ ಬರೆದಿಡುತ್ತದೆ. ಅಷ್ಟೇ ಅಲ್ಲ, ಯಾವ ಯಾವ ಮಾನಿಟರ್ ಒಟ್ಟಿಗೆ ಇದ್ದಾಗ ಯಾವ ಜೋಡಣೆ ಎಂದು ಪ್ರತಿ ಗುಂಪಿಗೂ ಬೇರೆ ಬೇರೆ ಲೆಕ್ಕ ಇಡುತ್ತದೆ.

ಈಗ ಒಂದು ಮಾನಿಟರ್ ನಿದ್ದೆ ಹೋಯಿತು ಅನ್ನಿ. ಡಿಸ್‌ಪ್ಲೇಪೋರ್ಟ್‌ನಲ್ಲಿ ಕೂಡಿಸಿದ ಎಷ್ಟೋ ಮಾನಿಟರ್‌ಗಳು ಆಫ್ ಆದ ಕೂಡಲೇ ಸಂಪರ್ಕವನ್ನೇ ಕಡಿದುಬಿಡುತ್ತವೆ. ಕೇಬಲ್ ಕಿತ್ತ ಹಾಗೆಯೇ ಕಂಪ್ಯೂಟರಿಗೆ ಕಾಣುತ್ತದೆ. ಆಗ ಅದು ಉಳಿದ ಒಂದು ಮಾನಿಟರಿಗೆ ಎಲ್ಲ ಕಿಟಕಿಗಳನ್ನು ತಂದು ಸುರಿಯುತ್ತದೆ. ಐಕಾನ್‌ಗಳ ಜಾಗವೂ ಬದಲಾಗುತ್ತದೆ. ಮತ್ತೆ ಎಬ್ಬಿಸಿದಾಗ ಒಂದು ಮಾನಿಟರ್ ಬೇಗ ಎದ್ದು ಇನ್ನೊಂದು ತಡವಾದರೆ, ಗುರುತು ಅದಲುಬದಲಾಗುವ ಸಾಧ್ಯತೆಯೂ ಇದೆ.

ಒಂದೇ ಮಾಡೆಲ್ಲಿನ ಎರಡು ಮಾನಿಟರ್ ಇದ್ದರೆ ಇನ್ನೂ ಕಷ್ಟ. ಕೆಲವು ಮಾನಿಟರ್‌ಗಳ ಚೀಟಿಯಲ್ಲಿ ಸರಿಯಾದ ಸೀರಿಯಲ್ ನಂಬರೇ ಇರುವುದಿಲ್ಲ. ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟ ಹಾಗೆ. ನನ್ನ ಮೇಜಿನ ಮೇಲೂ ಇಂಥದ್ದೇ ಜೋಡಿ ಇತ್ತು. ವಾರದಲ್ಲಿ ಮೂರು ದಿನ ಎಡದ್ದು ಬಲಕ್ಕೆ ಹೋಗುತ್ತಿತ್ತು. ಡ್ರೈವರ್ ಮೇಲೆ ಡ್ರೈವರ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಆಫ್ ಮಾಡಿ, ಒಂದನ್ನು ಎಚ್‌ಡಿಎಂಐಗೆ ಬದಲಿಸಿದ ಮೇಲೆ ನಿಂತಿತು.

ನೀವೂ ಈ ಕ್ರಮದಲ್ಲಿ ಪ್ರಯತ್ನಿಸಿ.

ಮೊದಲು ಮಾನಿಟರಿನ ಬಟನ್ ಒತ್ತಿ ಅದರದೇ ಮೆನು ತೆರೆಯಿರಿ. ಡೀಪ್ ಸ್ಲೀಪ್, ಆಟೋ ಪವರ್ ಆಫ್, ಆಟೋ ಸೋರ್ಸ್ ಅಥವಾ ಇನ್‌ಪುಟ್ ಆಟೋ ಡಿಟೆಕ್ಟ್ ಎಂಬ ಹೆಸರುಗಳಿದ್ದರೆ ಆಫ್ ಮಾಡಿ. ಯಾವ ಪೋರ್ಟಿಗೆ ಕೇಬಲ್ ಹಾಕಿದ್ದೀರೋ ಅದನ್ನೇ ಇನ್‌ಪುಟ್ ಎಂದು ಆರಿಸಿ. ತಯಾರಕರು ಇವಕ್ಕೆ ಬೇರೆ ಬೇರೆ ಹೆಸರು ಇಡುತ್ತಾರೆ, ಆದ್ದರಿಂದ ಮೆನುವನ್ನು ನಿಧಾನವಾಗಿ ಪೂರ್ತಿ ಓದಿ.

ಆಮೇಲೆ ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಪುಟದ ಮಲ್ಟಿಪಲ್ ಡಿಸ್‌ಪ್ಲೇಸ್ ತೆರೆಯಿರಿ. ರಿಮೆಂಬರ್ ವಿಂಡೋ ಲೊಕೇಶನ್ಸ್ ಎಂದು ಶುರುವಾಗುವ ಸಾಲಿಗೆ ಟಿಕ್ ಇರಬೇಕು. ಕಿಟಕಿಗಳು ಇದ್ದ ಜಾಗಕ್ಕೇ ಮರಳಲು ಇದು ನೆರವಾಗುತ್ತದೆ. ಮಾನಿಟರ್ ಸಂಪರ್ಕ ತಪ್ಪಿದಾಗ ಕಿಟಕಿಗಳನ್ನು ಮಿನಿಮೈಸ್ ಮಾಡುವ ಆಯ್ಕೆಯೂ ಅಲ್ಲೇ ಇದೆ. ಅದನ್ನು ಇಟ್ಟುಕೊಂಡರೆ ಎಲ್ಲವೂ ಒಂದೇ ಪರದೆಗೆ ಬಂದು ಬೀಳುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಕೇಬಲ್‌ಗಳ ಜಾಗ ಬದಲಿಸಿ. ಡಾಕ್ (ಲ್ಯಾಪ್‌ಟಾಪಿಗೆ ಹಲವು ಸಾಧನಗಳನ್ನು ಒಟ್ಟಿಗೆ ಕೂಡಿಸುವ ಪೆಟ್ಟಿಗೆ) ಅಥವಾ ಒಂದೇ ಕೀಬೋರ್ಡಿನಿಂದ ಎರಡು ಕಂಪ್ಯೂಟರ್ ನಡೆಸುವ ಕೆವಿಎಂ ಸ್ವಿಚ್ ನಡುವೆ ಇದ್ದರೆ ಒಂದು ದಿನ ಅದನ್ನು ಬಿಟ್ಟು ನೇರವಾಗಿ ಕೂಡಿಸಿ ನೋಡಿ. ಹಲವು ಸ್ವಿಚ್‌ಗಳು ಇನ್ನೊಂದು ಕಂಪ್ಯೂಟರಿಗೆ ತಿರುಗಿದ ಕೂಡಲೇ ಗುರುತುಚೀಟಿಯನ್ನು ಮುಂದಕ್ಕೆ ಕಳಿಸುವುದನ್ನು ನಿಲ್ಲಿಸುತ್ತವೆ. ತೊಂದರೆ ಅಲ್ಲೇ ಎಂದು ಖಾತ್ರಿಯಾದರೆ ಇಡಿಐಡಿಯನ್ನು ಹಿಡಿದಿಟ್ಟುಕೊಳ್ಳುವ ಸ್ವಿಚ್ ಕೊಳ್ಳಬಹುದು, ಇಲ್ಲವೇ ಇಡಿಐಡಿ ಎಮ್ಯುಲೇಟರ್ ಎಂಬ ಪುಟ್ಟ ಸಾಧನವನ್ನು ನಡುವೆ ಕೂಡಿಸಬಹುದು. ಮಾನಿಟರ್ ಸದಾ ಅಲ್ಲೇ ಇದೆ ಎಂದು ಅದು ಕಂಪ್ಯೂಟರನ್ನು ನಂಬಿಸುತ್ತದೆ.

ಹಳೆಯ ನೀಲಿ ಬಣ್ಣದ ವಿಜಿಎ ಕೇಬಲ್ ಬಳಸುವವರು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. 12 ಮತ್ತು 15ನೇ ಪಿನ್‌ಗಳ ಮೂಲಕವೇ ಗುರುತುಚೀಟಿ ಹರಿಯುವುದು. ಅವುಗಳಲ್ಲಿ ಒಂದು ಬಾಗಿದ್ದರೂ ಚಿತ್ರ ಬರುತ್ತದೆ, ಗುರುತು ಮಾತ್ರ ಸಿಗುವುದಿಲ್ಲ. ಆಗ ಕಂಪ್ಯೂಟರ್ 1024×768ರಂಥ ಸುರಕ್ಷಿತ ಅಳತೆಗೆ ಇಳಿದುಬಿಡುತ್ತದೆ. ಆದರೆ ಒಂದು ಎಚ್ಚರ. ಎಷ್ಟೋ ವಿಜಿಎ ಕೇಬಲ್‌ಗಳಲ್ಲಿ ಒಂದು ಪಿನ್ ಮೊದಲಿನಿಂದಲೇ ಇರುವುದಿಲ್ಲ. ಅದು 9ನೆಯದು. ಅದು ಮುರಿದದ್ದಲ್ಲ.

ರೀಸ್ಟಾರ್ಟ್ ಮಾಡಿದರೆ ಸರಿ, ಶಟ್ ಡೌನ್ ಮಾಡಿದರೆ ಕೆಡುತ್ತದೆ

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಶಟ್ ಡೌನ್ ಎಂದರೂ ಕಂಪ್ಯೂಟರ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ವಿಂಡೋಸ್‌ನ ಒಳಭಾಗವನ್ನೂ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕಿಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಏಳುತ್ತದೆ. ಡಿಸ್‌ಪ್ಲೇ ಡ್ರೈವರ್ ಈ ಹಳೆಯ ಸ್ಥಿತಿಯೊಂದಿಗೆ ಹೊಂದಿಕೊಳ್ಳದಿದ್ದರೆ ಶಟ್ ಡೌನ್ ಆದ ಮೇಲೆ ಮಾತ್ರ ತೊಂದರೆ ಕಾಣುತ್ತದೆ.

ಇದನ್ನು ಆಫ್ ಮಾಡಲು ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಶನ್ಸ್‌ಗೆ ಹೋಗಿ. ಎಡಗಡೆ ಪವರ್ ಬಟನ್‌ಗಳು ಏನು ಮಾಡಬೇಕು ಎಂದು ಆರಿಸುವ ಕೊಂಡಿ ಇದೆ. ಅದನ್ನು ಒತ್ತಿ. ಮೇಲೆ ಈಗ ಬದಲಿಸಲಾಗದ ಸೆಟ್ಟಿಂಗ್‌ಗಳನ್ನು ಬದಲಿಸು ಎಂಬ ಅರ್ಥದ ಸಾಲು ಕಾಣುತ್ತದೆ. ಅದನ್ನೂ ಒತ್ತಿದರೆ ಕೆಳಗಿನ ಟಿಕ್‌ಗಳು ಬದಲಿಸಲು ಸಿಗುತ್ತವೆ. ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಎಂಬುದರ ಟಿಕ್ ತೆಗೆದು ಸೇವ್ ಮಾಡಿ. ಕಂಪ್ಯೂಟರ್ ಆನ್ ಆಗಲು ಕೆಲವು ಸೆಕೆಂಡು ಜಾಸ್ತಿ ಹಿಡಿಯಬಹುದು. ಎಸ್‌ಎಸ್‌ಡಿ ಇದ್ದರೆ ಅದು ಗೊತ್ತೂ ಆಗುವುದಿಲ್ಲ.

ಪ್ರತಿ ಸಲ ಆನ್ ಮಾಡಿದಾಗಲೂ ಹೋದರೆ

ಈಗ ಡ್ರೈವರ್ ನೋಡುವ ಸಮಯ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಬಿಡಿಸಿ ನೋಡಿ. ಅಲ್ಲಿ ಇಂಟೆಲ್, ಎನ್‌ವಿಡಿಯಾ, ಎಎಂಡಿ ಎಂಬ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ನಿಜವಾದ ಡ್ರೈವರ್ ಕೆಲಸ ಮಾಡುತ್ತಿಲ್ಲ, ವಿಂಡೋಸ್ ತುರ್ತಿಗೆ ಇಟ್ಟುಕೊಂಡದ್ದು ಓಡುತ್ತಿದೆ. ಅದಕ್ಕೆ ಕೆಲವೇ ರೆಸಲ್ಯೂಶನ್ ಗೊತ್ತು, ಎರಡನೇ ಮಾನಿಟರ್ ನಡೆಸಲು ಬರುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಅದರ ತಯಾರಕರ ತಾಣದಿಂದ, ಡೆಸ್ಕ್‌ಟಾಪ್ ಆದರೆ ಗ್ರಾಫಿಕ್ಸ್ ಚಿಪ್ ಮಾಡಿದವರ ತಾಣದಿಂದ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಮೂರನೆಯವರ ತಾಣಗಳ ಕಡೆ ದಯವಿಟ್ಟು ಹೋಗಬೇಡಿ. ಸೆಟ್ಟಿಂಗ್ ಉಳಿಸಲು ಹೋಗಿ ವೈರಸ್ ತಂದುಕೊಂಡವರನ್ನು ನಾನು ನೋಡಿದ್ದೇನೆ.

ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ದಾರಿ ಬೇರೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಆ ಬಟನ್ ಮಸುಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಎಂದರ್ಥ, ಅದನ್ನು ನೀವೇ ಇಳಿಸಿಕೊಂಡು ಹಾಕಬೇಕು. ನೀವು ಹಾಕಿದ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಮತ್ತೆ ಬದಲಿಸದೇ ಇರಲು ಕೆಲವು ದಿನ ಅಪ್‌ಡೇಟ್ ತಡೆಹಿಡಿದು (ಪಾಜ್ ಮಾಡಿ), ಸೆಟ್ಟಿಂಗ್ ನಿಲ್ಲುತ್ತದೆಯೇ ನೋಡಿ. ಸುರಕ್ಷತೆಯ ಅಪ್‌ಡೇಟ್‌ಗಳು ಬೇಕೇ ಬೇಕು, ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ಮರೆಯದೆ ಮತ್ತೆ ಶುರು ಮಾಡಿ.

ಡ್ರೈವರ್ ಸರಿಯಿದ್ದರೂ ಅದರ ಜೊತೆ ಬರುವ ಪ್ರೋಗ್ರಾಂ ಕಾಟ ಕೊಡಬಹುದು. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂವರಿಗೂ ತಮ್ಮದೇ ನಿಯಂತ್ರಣ ಫಲಕ ಇದೆ. ಬಣ್ಣ, ಸ್ಕೇಲಿಂಗ್, ರಿಫ್ರೆಶ್ ರೇಟ್ ಎಲ್ಲವನ್ನೂ ಅಲ್ಲೂ ಹೊಂದಿಸಬಹುದು. ವಿಂಡೋಸ್‌ನಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದರೆ ಲಾಗಿನ್ ಆದ ಕೆಲವು ಸೆಕೆಂಡಿಗೆ ಪರದೆ ಒಮ್ಮೆ ಮಿನುಗಿ ಬದಲಾಗುವುದನ್ನು ಕಾಣುತ್ತೀರಿ. ಆ ಮಿನುಗು ಒಳ್ಳೆಯ ಸುಳಿವು. ನಿಮ್ಮ ಸೆಟ್ಟಿಂಗ್ ಉಳಿದೇ ಇತ್ತು, ಆಮೇಲೆ ಬಂದ ಪ್ರೋಗ್ರಾಂ ಅದನ್ನು ಅಳಿಸಿತು. ಎರಡೂ ಕಡೆ ಒಂದೇ ಬೆಲೆ ಇಡಿ. ಮಾನಿಟರ್ ತಯಾರಕರು ಕೊಡುವ ಪ್ರೋಗ್ರಾಂ, ಕಣ್ಣಿಗೆ ತಂಪು ಎಂದು ಹಾಕಿಕೊಂಡ ಪ್ರೋಗ್ರಾಂಗಳನ್ನೂ ಬಿಡಬೇಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಇಂಥವನ್ನು ಒಂದೊಂದಾಗಿ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡುತ್ತಾ ಹೋದರೆ ಯಾವುದು ಎಂದು ಗೊತ್ತಾಗುತ್ತದೆ.

ಬಣ್ಣ ಮತ್ತು ಹೊಳಪು

ರೆಸಲ್ಯೂಶನ್ ನಿಂತು, ಹೊಳಪು ಮಾತ್ರ ಏರಿಳಿದರೆ ಕೇಬಲ್, ಡ್ರೈವರ್ ಯಾವುದನ್ನೂ ಮುಟ್ಟಬೇಡಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಎರಡು ಹೊಳಪು ನೆನಪಿಟ್ಟುಕೊಂಡಿರಬಹುದು, ಚಾರ್ಜರ್ ಇದ್ದಾಗ ಒಂದು, ಬ್ಯಾಟರಿಯಲ್ಲಿ ಇನ್ನೊಂದು. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಹೊಂದಿಸಿ ನೋಡಿ. ಬ್ಯಾಟರಿ ಸೇವರ್ ತಾನಾಗಿ ಹೊಳಪು ಇಳಿಸುವ ಆಯ್ಕೆಯೂ ಪವರ್ ಪುಟದಲ್ಲಿದೆ.

ಬಿಳಿ ಪುಟ ತೆರೆದಾಗ ಒಂದು ಹೊಳಪು, ಕಪ್ಪು ಪುಟ ತೆರೆದಾಗ ಇನ್ನೊಂದು ಆಗುತ್ತದೆಯೇ? ಪರದೆಯಲ್ಲಿರುವುದನ್ನು ನೋಡಿ ಹೊಳಪು ಬದಲಿಸುವ ಏರ್ಪಾಡು ಅದು. ಡಿಸ್‌ಪ್ಲೇ ಪುಟದಲ್ಲಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿದರೆ ಅದನ್ನು ಆಫ್ ಮಾಡುವ ಆಯ್ಕೆ ಸಿಗುತ್ತದೆ. ಅಲ್ಲಿ ಕಾಣದಿದ್ದರೆ ಎಎಂಡಿ ಫಲಕದಲ್ಲಿ ವ್ಯಾರಿ ಬ್ರೈಟ್, ಇಂಟೆಲ್ ಫಲಕದಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ ಎಂದಿರುತ್ತದೆ. ಬೇರೆ ಮಾನಿಟರ್ ಆದರೆ ಅದರ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್ ನೋಡಿ.

ಸಂಜೆಯಾದ ಕೂಡಲೇ ಪರದೆ ಹಳದಿಯಾದರೆ ಅದು ನೈಟ್ ಲೈಟ್. ಅದರ ಶೆಡ್ಯೂಲ್ ಆಫ್ ಮಾಡಿದರೆ ಮುಗಿಯಿತು.

ಫೋಟೋ, ಮುದ್ರಣದ ಕೆಲಸ ಮಾಡುವವರ ತೊಂದರೆ ಇದಕ್ಕಿಂತ ಆಳವಾದದ್ದು. ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿದಾಗ, ಅಂದರೆ ಅದರ ಬಣ್ಣವನ್ನು ಅಳೆದು ಸರಿಪಡಿಸಿದಾಗ, ಅದರ ತಿದ್ದುಪಡಿ ಗ್ರಾಫಿಕ್ಸ್ ಕಾರ್ಡಿನ ಒಂದು ಸಣ್ಣ ಪಟ್ಟಿಯಲ್ಲಿ ಕೂರುತ್ತದೆ. ಅದಕ್ಕೆ ಗಾಮಾ ಪಟ್ಟಿ ಎನ್ನೋಣ. ಆಟಗಳು, ಕಣ್ಣಿಗೆ ತಂಪು ಮಾಡುವ ಪ್ರೋಗ್ರಾಂಗಳು, ಡ್ರೈವರ್ ರೀಸೆಟ್ ಕೂಡ ಅದೇ ಪಟ್ಟಿಯ ಮೇಲೆ ಬರೆಯಬಲ್ಲವು. ಕೊನೆಗೆ ಬರೆದವರದ್ದೇ ನಿಲ್ಲುತ್ತದೆ. ತಿದ್ದುಪಡಿ ಬರೆದಿಟ್ಟ ಪ್ರೊಫೈಲ್ ಫೈಲ್ ಡಿಸ್ಕಿನಲ್ಲಿ ಹಾಗೇ ಇರುತ್ತದೆ, ಪರದೆಯ ಬಣ್ಣ ಮಾತ್ರ ಬದಲಾಗಿರುತ್ತದೆ. ಕಲರ್ ಮ್ಯಾನೇಜ್‌ಮೆಂಟ್ ತೆರೆದು ಅಡ್ವಾನ್ಸ್‌ಡ್ ಟ್ಯಾಬ್, ಅಲ್ಲಿಂದ ಚೇಂಜ್ ಸಿಸ್ಟಮ್ ಡಿಫಾಲ್ಟ್ಸ್, ಮತ್ತೆ ಅಡ್ವಾನ್ಸ್‌ಡ್ ಟ್ಯಾಬ್‌ಗೆ ಹೋಗಿ. ಯೂಸ್ ವಿಂಡೋಸ್ ಡಿಸ್‌ಪ್ಲೇ ಕ್ಯಾಲಿಬ್ರೇಶನ್ ಎಂಬುದಕ್ಕೆ ಟಿಕ್ ಹಾಕಿ. ಆಗ ಲಾಗಿನ್ ಆದಾಗಲೆಲ್ಲ ವಿಂಡೋಸ್ ನಿಮ್ಮ ತಿದ್ದುಪಡಿಯನ್ನು ಮತ್ತೆ ಎತ್ತಿಕೊಳ್ಳುತ್ತದೆ. ಕ್ಯಾಲಿಬ್ರೇಶನ್ ಸಾಧನದ ಜೊತೆ ಬಂದ ಪ್ರೋಗ್ರಾಂ ಇದೇ ಕೆಲಸ ಮಾಡುತ್ತಿದ್ದರೆ ಮಾತ್ರ ಇದು ಬೇಡ. ಇಬ್ಬರಲ್ಲಿ ಒಬ್ಬರು ಸಾಕು.

ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ ಒಂದು ಮಾತು. ಕೆಲವು ಟಿವಿಗಳಲ್ಲಿ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಡುವ ಸ್ಟೋರ್ ಮೋಡ್ ಇರುತ್ತದೆ. ಗಿರಾಕಿಗಳು ಮುಟ್ಟಿ ಕೆಡಿಸಿದ್ದನ್ನು ಅದು ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿ ಮಾಡಿಕೊಳ್ಳುತ್ತದೆ. ಮನೆಯಲ್ಲೂ ಅದೇ ಮೋಡ್ ಉಳಿದಿದ್ದರೆ ನೀವು ಎಷ್ಟು ಸಲ ಹೊಂದಿಸಿದರೂ ನಿಲ್ಲುವುದಿಲ್ಲ. ಹೋಮ್ ಮೋಡ್‌ಗೆ ಬದಲಿಸಿ.

ಆಟ ಮುಗಿಸಿದ ಮೇಲೆ ಕೆಟ್ಟರೆ

ಹಳೆಯ ಆಟಗಳು ಶುರುವಾಗುವಾಗ ರೆಸಲ್ಯೂಶನ್ ಇಳಿಸಿ, ಮುಗಿದಾಗ ಏರಿಸಬೇಕು. ನಡುವೆ ಕ್ರ್ಯಾಶ್ ಆದರೆ ಏರಿಸುವ ಕೆಲಸ ಉಳಿದುಬಿಡುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಬಾರ್ಡರ್‌ಲೆಸ್ ವಿಂಡೋ ಆರಿಸಿಕೊಂಡರೆ ಹೆಚ್ಚಿನ ಸಲ ಸಾಕು. ಆಟದ ಫೈಲಿನ ಪ್ರಾಪರ್ಟೀಸ್ ತೆರೆದು ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ 640×480ರಲ್ಲಿ ಓಡಿಸು ಎಂಬುದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಪರದೆ ಪೂರ್ತಿ ಕೆಟ್ಟು ಕೂತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಒಂದು ಬೀಪ್ ಕೇಳಬಹುದು, ಪರದೆ ಮಿನುಗಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಕೆಲಸ ಹಾಗೇ ಇರುತ್ತದೆ.

ಬರೆದಿಡಲು ಅನುಮತಿಯೇ ಇಲ್ಲದಿದ್ದರೆ

ಇಲ್ಲಿ ನಿಜವಾಗಿಯೂ ಸೇವ್ ಆಗುವುದಿಲ್ಲ. ಸೈನ್ ಇನ್ ಆದಾಗ ತಾತ್ಕಾಲಿಕ ಪ್ರೊಫೈಲಿನಲ್ಲಿದ್ದೀರಿ ಎಂಬ ಸೂಚನೆ ಬರುತ್ತಿದೆಯೇ? ಡೆಸ್ಕ್‌ಟಾಪಿನ ಫೈಲುಗಳೂ ಕಾಣೆಯಾಗಿವೆಯೇ? ನಿಮ್ಮ ಪ್ರೊಫೈಲ್ ತೆರೆಯಲಾಗದೆ ವಿಂಡೋಸ್ ಒಂದು ಹಂಗಾಮಿ ಪ್ರೊಫೈಲ್ ಕೊಟ್ಟಿದೆ. ಸೈನ್ ಔಟ್ ಆದ ಕೂಡಲೇ ಅದನ್ನು ಅಳಿಸುತ್ತದೆ. ಅದರೊಳಗೆ ಹೊಸ ಫೈಲ್ ಏನನ್ನೂ ಇಡಬೇಡಿ. ಮೊದಲು ರೀಸ್ಟಾರ್ಟ್ ಮಾಡಿ ನೋಡಿ. ಆಮೇಲೂ ಹಾಗೇ ಇದ್ದರೆ, ಬೇರೆ ಅಡ್ಮಿನ್ ಖಾತೆಯಿಂದ ಯೂಸರ್ಸ್ ಫೋಲ್ಡರಿನಲ್ಲಿರುವ ನಿಮ್ಮ ಹಳೆಯ ಫೈಲುಗಳನ್ನು ನಕಲು ಮಾಡಿಟ್ಟುಕೊಂಡು ಹೊಸ ಖಾತೆ ತೆರೆಯಿರಿ.

ಕಚೇರಿ, ಕಾಲೇಜು ಲ್ಯಾಬ್‌ಗಳ ಕಂಪ್ಯೂಟರ್‌ಗಳಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಹಳೆಯ ಸ್ಥಿತಿಗೆ ಮರಳಿಸುವ ತಂತ್ರಾಂಶ ಹಾಕಿರುತ್ತಾರೆ. ಅಲ್ಲಿ ನೀವು ಮಾಡುವಂಥದ್ದು ಏನೂ ಇಲ್ಲ. ಕಣ್ಣಿನ ತೊಂದರೆ ಇದ್ದು ದೊಡ್ಡ ಅಕ್ಷರ ಬೇಕೇ ಬೇಕೆಂದರೆ, ನೋಡಿಕೊಳ್ಳುವವರನ್ನು ಕೇಳಿ. ಒಂದು ಕಂಪ್ಯೂಟರಿನಲ್ಲಿ ಕಾಯಂ ಮಾಡಿಕೊಡುವುದು ಅವರಿಗೆ ದೊಡ್ಡ ಕೆಲಸವಲ್ಲ. ಕೇಳಲು ಸಂಕೋಚ ಬೇಡ.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ಎಕ್ಸ್‌ರ್‍ಯಾಂಡ್‌ಆರ್ ಆದೇಶದಿಂದ ಹೊಂದಿಸಿದ್ದು ಆ ಲಾಗಿನ್ ಮುಗಿಯುವವರೆಗೆ ಮಾತ್ರ. ಅದು ದೋಷವಲ್ಲ, ಇರುವುದೇ ಹಾಗೆ. ಕಾಯಂ ಆಗಬೇಕೆಂದರೆ ಸೆಟ್ಟಿಂಗ್ಸ್ ಪುಟದಿಂದಲೇ ಮಾಡಿ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಅದನ್ನು ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಎಂಬ ಅಡಗಿದ ಫೋಲ್ಡರಿನಲ್ಲಿ, ಮಾನಿಟರ್ಸ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯುತ್ತದೆ. ಆ ಫೈಲಿನ ಮಾಲೀಕತ್ವ ಹೇಗೋ ರೂಟ್ (ಲಿನಕ್ಸ್‌ನ ಅಡ್ಮಿನ್ ಖಾತೆ) ಪಾಲಾಗಿದ್ದರೆ ನಿಮ್ಮ ಖಾತೆ ಅದರಲ್ಲಿ ಬರೆಯಲಾರದು. ಪ್ರಾಪರ್ಟೀಸ್‌ನಲ್ಲಿ ಮಾಲೀಕರು ಯಾರು ನೋಡಿ. ಲಾಗಿನ್ ಪರದೆಗೆ ಬೇರೆಯದೇ ಫೈಲ್ ಇರುತ್ತದೆ. ಹಾಗಾಗಿ ಲಾಗಿನ್ ಪರದೆ ಅಡ್ಡಾದಿಡ್ಡಿ ಕಂಡು ಒಳಗೆ ಹೋದ ಮೇಲೆ ಸರಿಯಾದರೆ ನಿಮ್ಮ ಸೆಟ್ಟಿಂಗ್ ಕ್ಷೇಮವಾಗಿದೆ.

ಮ್ಯಾಕ್‌ನಲ್ಲಿ ಮೊದಲು ಆಟೋಮ್ಯಾಟಿಕ್ ಬ್ರೈಟ್‌ನೆಸ್, ಟ್ರೂ ಟೋನ್, ನೈಟ್ ಶಿಫ್ಟ್ ಮೂರನ್ನೂ ಆಫ್ ಮಾಡಿ ನೋಡಿ. ರೆಸಲ್ಯೂಶನ್ ಹೋಗುತ್ತಿದ್ದು ಇಂಟೆಲ್ ಚಿಪ್ಪಿನ ಮ್ಯಾಕ್ ಆಗಿದ್ದರೆ, ಆನ್ ಮಾಡುವಾಗ ಆಪ್ಶನ್, ಕಮಾಂಡ್, ಪಿ, ಆರ್ ನಾಲ್ಕನ್ನೂ 20 ಸೆಕೆಂಡ್ ಒತ್ತಿ ಹಿಡಿದು ಎನ್‌ವಿರ್‍ಯಾಮ್ (ಕೆಲವು ಸೆಟ್ಟಿಂಗ್ ಉಳಿಸಿಡುವ ಸಣ್ಣ ಮೆಮೊರಿ) ರೀಸೆಟ್ ಮಾಡಿ.

ಹಳೆಯ ದಾಖಲೆ ಅಳಿಸಿ ಹೊಸದಾಗಿ ಶುರು ಮಾಡುವುದು

ಮೇಲಿನದ್ದು ಯಾವುದೂ ಫಲಿಸದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಒಂದೇ ಕಂಪ್ಯೂಟರಿಗೆ ವರ್ಷಗಟ್ಟಲೆ ಬೇರೆ ಬೇರೆ ಮಾನಿಟರ್, ಪ್ರೊಜೆಕ್ಟರ್, ಟಿವಿ ಕೂಡಿಸಿದ್ದರೆ ವಿಂಡೋಸ್ ಬಳಿ ಅವೆಲ್ಲದರ ಲೆಕ್ಕ ಇರುತ್ತದೆ. ಅದರಲ್ಲಿ ಒಂದು ದಾಖಲೆ ಕೆಟ್ಟರೂ ಜೋಡಣೆ ನಿಲ್ಲದೇ ಹೋಗಬಹುದು.

ಮೊದಲು ರಿಸ್ಟೋರ್ ಪಾಯಿಂಟ್ (ಕೆಟ್ಟರೆ ಈಗಿನ ಸ್ಥಿತಿಗೆ ಮರಳಲು ಗುರುತು) ಮಾಡಿ. ಇದನ್ನು ಬಿಡಲೇಬೇಡಿ. ನಂತರ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ದಾಖಲೆ ತೋರಿಸುವ ರಿಜಿಸ್ಟ್ರಿ ಎಡಿಟರನ್ನು ಅಡ್ಮಿನ್ ಆಗಿ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಗ್ರಾಫಿಕ್ಸ್ ಡ್ರೈವರ್ಸ್ ಎಂಬ ಹಾದಿಯಲ್ಲಿ ಇಳಿಯಿರಿ. ಅಲ್ಲಿ ಕಾನ್ಫಿಗರೇಶನ್ ಮತ್ತು ಕನೆಕ್ಟಿವಿಟಿ ಎಂಬ ಎರಡು ಫೋಲ್ಡರ್ ಕಾಣುತ್ತವೆ. ಗ್ರಾಫಿಕ್ಸ್ ಡ್ರೈವರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಒತ್ತಿ ಒಂದು ಪ್ರತಿ ತೆಗೆದಿಡಿ. ಆಮೇಲೆ ಆ ಎರಡನ್ನು ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿ. ಈಗ ಕೂಡಿಸಿರುವ ಮಾನಿಟರ್‌ಗಳನ್ನು ನೋಡಿ ವಿಂಡೋಸ್ ಅವನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಎಡ ಬಲ, ಸ್ಕೇಲ್, ರಿಫ್ರೆಶ್ ರೇಟ್ ಎಲ್ಲವನ್ನೂ ಹಾಳೆಯಲ್ಲಿ ಬರೆದಿಟ್ಟದ್ದನ್ನು ನೋಡಿ ಮತ್ತೊಮ್ಮೆ ಹೊಂದಿಸಿ.

ಮದರ್‌ಬೋರ್ಡಿನ ಬಟನ್ ಸೆಲ್ ಬದಲಿಸಿ ಎಂಬ ಸಲಹೆ ಯಾರಾದರೂ ಕೊಟ್ಟಾರು. ಆ ಸಿಆರ್2032 ಸೆಲ್ ಬಯೋಸ್ (ವಿಂಡೋಸ್‌ಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಸೆಟ್ಟಿಂಗನ್ನೂ ಗಡಿಯಾರವನ್ನೂ ಕಾಯುತ್ತದೆ. ವಿಂಡೋಸ್‌ನ ರೆಸಲ್ಯೂಶನ್ ಇರುವುದು ಡಿಸ್ಕಿನಲ್ಲಿ. ಆನ್ ಮಾಡಿದಾಗಲೆಲ್ಲ ದಿನಾಂಕವೂ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಸೆಲ್ ಬದಲಿಸಿ. ಎರಡು ಗ್ರಾಫಿಕ್ಸ್ ಇರುವ ಕಂಪ್ಯೂಟರಿನಲ್ಲಿ ಯಾವುದು ಮೊದಲು ಎಂಬ ಆಯ್ಕೆ ಬಯೋಸ್‌ನಲ್ಲಿರುತ್ತದೆ, ಆ ಆಯ್ಕೆ ಅಳಿಸಿಹೋದರೆ ಡಿಸ್‌ಪ್ಲೇಗೂ ಪೆಟ್ಟು ಬೀಳಬಹುದು.

ಇನ್ನು ಮಾನಿಟರಿನದೇ ದೋಷವೇ ಎಂದು ತಿಳಿಯುವ ಪರೀಕ್ಷೆ. ಕಂಪ್ಯೂಟರಿನ ಕೇಬಲ್ ಅದರ ಪಾಡಿಗೆ ಇರಲಿ. ಮಾನಿಟರಿನ ಮೆನುವಿನಲ್ಲಿ ಹೊಳಪನ್ನು 37ರಂಥ ಗುರುತಿಗೆ ಸಿಗುವ ಬೆಲೆಗೆ ಇಡಿ. ಮೆನು ತಾನಾಗಿ ಮುಚ್ಚುವವರೆಗೆ ಕಾಯಿರಿ, ಏಕೆಂದರೆ ಕೆಲವು ಮಾನಿಟರ್‌ಗಳು ಮುಚ್ಚುವಾಗಲೇ ಬರೆದುಕೊಳ್ಳುವುದು. ನಂತರ ಪವರ್ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿ. 37 ಹೋಗಿ ಕಂಪನಿ ಇಟ್ಟ ಬೆಲೆ ಬಂದಿದ್ದರೆ ಮೆನುವಿನಿಂದ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ, ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಆಗಲೂ ಹೋದರೆ ಮಾನಿಟರಿನೊಳಗಿನ ಮೆಮೊರಿ ಚಿಪ್ಪೋ ಬೋರ್ಡೋ ಕೆಟ್ಟಿದೆ. ವಾರಂಟಿ ಇದೆಯೇ ನೋಡಿ, ನೀವು ಮಾಡಿದ ಪರೀಕ್ಷೆಯ ಹಾಳೆಯನ್ನೂ ಜೊತೆಗೆ ಒಯ್ಯಿರಿ. ರಿಪೇರಿಯವರು ಅದನ್ನು ನೋಡಿದರೆ ಡ್ರೈವರ್ ಬದಲಿಸಿ ನೋಡಿ ಎಂದು ನಿಮ್ಮನ್ನು ವಾಪಸ್ ಕಳಿಸುವುದಿಲ್ಲ.